ಹನ್ನೊಂದು ಗಂಟೆಯ ಲೋಟ

ಗೋಕುಲಂನಲ್ಲಿ ನೆಂಟರೊಬ್ಬರ ಗೃಹಪ್ರವೇಶದ ಊಟ ಮುಗಿಸಿ ಹೊರಬಿದ್ದಾಗ ಪ್ರೇಮಲೀಲಾಗೆ ಆಟೋ ಹತ್ತುವ ಮನಸ್ಸಾಗಲಿಲ್ಲ. ಬಡಿಸುವವರ ಒತ್ತಾಯಕ್ಕೆ ಒಬ್ಬಟ್ಟು ಎರಡು ಜಾಸ್ತಿಯಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಹೊಟ್ಟೆ ಹಗುರಾದೀತು ಎಂದು ಹೊರಟಳು. ಎರಡು ತಿರುವು ದಾಟಿದ ಮೇಲೆ ನೋಡಿದರೆ ಕಾಲು ತಾನಾಗಿ ಹಳೆಯ ಮನೆಯ ದಾರಿ ಹಿಡಿದಿತ್ತು.

ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತನಾಲ್ಕರವರೆಗೆ, ಅಂದರೆ ಮದುವೆಯಾಗಿ ಸರಸ್ವತಿಪುರಂ ಸೇರುವವರೆಗೆ, ಅವಳು ಇದ್ದ ಬಾಡಿಗೆ ಮನೆ ಅದು. ಸರಸ್ವತಿಪುರಂನಿಂದ ಇಲ್ಲಿಗೆ ಆಟೋದಲ್ಲಿ ಹದಿನೈದು ನಿಮಿಷ. ಆದರೂ ಮೂವತ್ತೆಂಟು ವರ್ಷಗಳಲ್ಲಿ ಒಂದು ಸಲವೂ ಅವಳು ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ಊರು ಬಿಟ್ಟು ಹೋದವರು ಬಂದಾಗಲಾದರೂ ಹೋಗಿ ನೋಡುತ್ತಾರೆ. ಇದೇ ಊರಲ್ಲಿರುವವರಿಗೆ ನಾಳೆ ನೋಡಿದರಾಯಿತು ಎಂಬ ಧೈರ್ಯ.

ಮನೆ ಇತ್ತು. ಅದರ ತಲೆಯ ಮೇಲೆ ಇನ್ನೂ ಎರಡು ಅಂತಸ್ತು ಎದ್ದಿದ್ದವು. ಬಾಲ್ಕನಿಯ ಕಂಬಿಗಳ ಮೇಲೆ ಯೋಗದ ಚಾಪೆಗಳನ್ನು ಒಣಹಾಕಿದ್ದರು. ಗೇಟಿನ ಪಕ್ಕ ಬಾಡಿಗೆ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಗೇಟಿಗೆ ಎಣ್ಣೆ ಬಿಡುತ್ತಿದ್ದ ನಲವತ್ತರ ಆಸುಪಾಸಿನ ವ್ಯಕ್ತಿಯೊಬ್ಬ ತಲೆ ಎತ್ತಿ, "ಯಾರು ಬೇಕಿತ್ತು ಮೇಡಂ?" ಎಂದ.

"ಯಾರೂ ಬೇಡಪ್ಪ. ಈ ಮನೇಲಿ ನಾವಿದ್ವಿ, ಎಂಬತ್ತಾರರವರೆಗೆ. ಹಾಗೇ ನೋಡ್ಕೊಂಡು ಹೋಗೋಣ ಅಂತ."

"ಹೌದಾ! ನಮ್ಮಪ್ಪ ಇದನ್ನ ತಗೊಂಡಿದ್ದು ತೊಂಬತ್ತರಲ್ಲಿ." ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡ. "ನಾನು ಗೌತಮ್ ಅಂತ. ಒಳಗೆ ಬನ್ನಿ ಮೇಡಂ. ಈ ಮನೆ ಬಗ್ಗೆ ಒಂದು ವಿಷಯ ಕೇಳ್ಬೇಕು ಅಂತ ಎಷ್ಟೋ ವರ್ಷದಿಂದ ಯಾರಾದ್ರೂ ಹಳಬರನ್ನ ಹುಡುಕ್ತಿದ್ದೆ."

ಒಳಗೆ ಕೆಂಪು ಗಾರೆಯ ನೆಲ ಹೋಗಿ ಟೈಲ್ಸ್ ಬಂದಿತ್ತು. ಅಡುಗೆಮನೆಯಿದ್ದ ಜಾಗದಲ್ಲಿ ಮಂಚ, ಮೇಜು, ಗೋಡೆಗೆ ಕನ್ನಡಿ. ಪ್ರೇಮಲೀಲಾ ಬಾಗಿಲಲ್ಲಿ ನಿಂತು ಸೀಮೆಎಣ್ಣೆ ಸ್ಟೌ ಎಲ್ಲಿತ್ತು ಎಂದು ಅಂದಾಜು ಮಾಡಿದಳು. ಕಿಟಕಿಯ ಕೆಳಗೋ, ಎದುರು ಗೋಡೆಗೋ? ರುಬ್ಬುವ ಕಲ್ಲು? ನೀರಿನ ಹಂಡೆ? ಅಮ್ಮ ಕೂತು ತರಕಾರಿ ಹೆಚ್ಚುತ್ತಿದ್ದುದು ಯಾವ ಕಡೆ ಮುಖ ಮಾಡಿ? ದಿನಕ್ಕೆ ಇಪ್ಪತ್ತು ಸಲ ಓಡಾಡಿದ ಕೋಣೆ. ಹದಿಮೂರು ವರ್ಷ. ಒಂದೂ ಗಟ್ಟಿಯಾಗಿ ನೆನಪಾಗಲಿಲ್ಲ. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಇಷ್ಟೆಲ್ಲ ಎಲ್ಲಿಗೆ ಹೋಯಿತು?

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ಅವಳು. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಂದ ಹುರುಳಿಕಾಳು ಮೊಳಕೆಯೊಡೆಯುವುದನ್ನು ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದಳು. ದಿನಾ ಕಂಡದ್ದನ್ನು ದಿನಾ ಬರೆಯಿರಿ, ನಾಳೆ ನೆನಪಿಂದ ಬರೆದರೆ ಮಾರ್ಕ್ಸ್ ಇಲ್ಲ ಎಂದು ಗದರಿಸುತ್ತಿದ್ದಳು. ತನ್ನ ಮನೆಯ ಒಂದು ದಿನವನ್ನೂ ಅವಳು ಬರೆದಿಟ್ಟಿರಲಿಲ್ಲ.

"ಇಲ್ಲಿ ನೋಡಿ ಮೇಡಂ," ಎಂದು ಗೌತಮ್ ಹಿತ್ತಿಲಿಗೆ ಕರೆದುಕೊಂಡು ಹೋದ.

ಹಿಂದಿನ ಕಾಂಪೌಂಡ್ ಗೋಡೆ ಆಗ ಎದೆಯೆತ್ತರಕ್ಕಿತ್ತು. ಗೋಡೆಯ ನೆತ್ತಿಗೆ ಅಗಲವಾದ ಕಲ್ಲು ಚಪ್ಪಡಿ ಹಾಸಿದ್ದರು. ಈಗ ಆಚೆ ಕಡೆಯ ಅಪಾರ್ಟ್‌ಮೆಂಟಿನವರು ಅದರ ಮೇಲೆಯೇ ಗೋಡೆ ಏರಿಸಿದ್ದರಿಂದ ಚಪ್ಪಡಿಯ ಅರ್ಧ ಭಾಗ ಗೋಡೆಯೊಳಗೆ ಹುದುಗಿ, ಉಳಿದರ್ಧ ಹಲಗೆಯಂತೆ ಈಚೆಗೆ ಚಾಚಿಕೊಂಡಿತ್ತು. ಅದರ ಮೇಲೆ ಎರಡು ದಾಸವಾಳ, ಉರಿದು ಉಳಿದ ಊದುಬತ್ತಿಯ ಕಡ್ಡಿಗಳು.

"ಹೋದ ವರ್ಷ ಯೋಗ ಕಲಿಯೋಕೆ ಅಂತ ಬಂದ ಬ್ರೆಜಿಲ್‌ನವಳೊಬ್ಬಳು ಇಲ್ಲಿ ಬಾಡಿಗೆಗಿದ್ಲು. ಇದು ಯಾವುದೋ ಯಂತ್ರ ಅಂತ ದಿನಾ ಹೂವಿಡೋಳು. ಅವಳು ಹೋದ್ಮೇಲೆ ಬಂದವರೂ ಹಾಗೇ ಮುಂದುವರಿಸಿದ್ರು. ನಂಗೂ ಯಾಕೆ ಬೇಕು, ಏನಾದ್ರೂ ಇದ್ದೀತು ಅಂತ ಸುಮ್ಮನೆ ಬಿಟ್ಬುಟ್ಟೆ. ಏನಿದು ಮೇಡಂ?"

ಪ್ರೇಮಲೀಲಾ ಹೂವು ಸರಿಸಿ ಬಗ್ಗಿ ನೋಡಿದಳು. ಸುಣ್ಣ, ಪೇಂಟುಗಳ ಪದರದಡಿಯಲ್ಲಿ ಕೆತ್ತಿದ ಗೆರೆಗಳು. ಎರಡೂವರೆ ಸಾಲು ಚೌಕಗಳು, ಸಾಲಿಗೆ ಐದು. ಅಂಚಿನ ಸಾಲಿನ ನಡುವಿನ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಎಳೆದ ಎರಡು ಗೆರೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ಚೌಕಾಬಾರ ಕಣಪ್ಪ! ಕವಡೆ ಹಾಕಿ ಆಡ್ತಾರಲ್ಲ, ಆ ಮನೆ."

"ಅಯ್ಯೋ ರಾಮ! ಅದಕ್ಕಾ ಇಷ್ಟು ದಿನ ಊದುಬತ್ತಿ ಹಚ್ಚಿಸಿದ್ದು ನಾನು?" ಗೌತಮನಿಗೂ ನಗು ಬಂತು. "ಯಾರು ಕೆತ್ತಿದ್ದು ಮೇಡಂ? ನೀವಾ?"

ಅವಳು ಕೆತ್ತಿರಲಿಲ್ಲ. ಅಣ್ಣ ಅಮರೇಶನಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಅಪ್ಪ ಸದಾಶಿವಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರು. ಶಿವರಾತ್ರಿಯ ಜಾಗರಣೆಯೊಂದನ್ನು ಬಿಟ್ಟರೆ ಮನೆಯಲ್ಲಿ ಕವಡೆಯ ಸದ್ದು ಕೇಳಿದರೆ ಸಾಕು, ದರಿದ್ರ ಬರುತ್ತದೆ ಎಂದು ಸಿಡುಕುತ್ತಿದ್ದರು. ಇನ್ನು ಅಮ್ಮ. ಅಮ್ಮ ಗಿರಿಜಾಂಬಾ ಯಾವ ಆಟವನ್ನಾದರೂ ಆಡಿದ್ದನ್ನು ಪ್ರೇಮಲೀಲಾ ಕಂಡವಳಲ್ಲ.

ಚಪ್ಪಡಿಯ ಮೇಲೆ ಕೈಯಾಡಿಸುತ್ತಿದ್ದಂತೆ ಇನ್ನೊಂದು ನೆನಪು ಎದ್ದು ಬಂತು. ಎಂಟನೇ ಕ್ಲಾಸಿನಲ್ಲಿ ಕಾಮಾಲೆಯಾಗಿ ಹದಿನೈದು ದಿನ ಸ್ಕೂಲಿಗೆ ಹೋಗದೆ ಮಲಗಿದ್ದಾಗ ಅವಳು ಅದನ್ನು ನೋಡಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಅಮ್ಮ ಕಾಫಿ ಬೆರೆಸಿ, ಒಂದು ಲೋಟ ತಾನಿಟ್ಟುಕೊಂಡು, ಇನ್ನೊಂದನ್ನು ಹಿಡಿದು ಹಿತ್ತಿಲಿಗೆ ಹೋಗಿ ಈ ಗೋಡೆಯ ಮೇಲಿಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಆ ಲೋಟ ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿರುತ್ತಿತ್ತು. ಒಂದು ದಿನ ಹಿತ್ತಿಲಿಂದ ಅಮ್ಮ ಗಟ್ಟಿಯಾಗಿ ನಕ್ಕದ್ದು ಕೇಳಿ, ಯಾರಮ್ಮ ಅಲ್ಲಿ ಎಂದು ಕೂಗಿದ್ದಳು. "ಯಾರೂ ಇಲ್ಲ, ಮಲಕ್ಕೋ," ಎಂದಿದ್ದಳು ಅಮ್ಮ. ಅಷ್ಟೆ. ಅವಳು ಮಲಗಿದ್ದಳು. ಆ ಕಾಫಿ ಯಾರಿಗೆ ಎಂದು ಮುಂದೆಂದೂ ಕೇಳಿರಲಿಲ್ಲ.

"ಗೊತ್ತಿಲ್ಲಪ್ಪ. ತಿಳ್ಕೊಂಡು ಹೇಳ್ತೀನಿ," ಎಂದು ಗೌತಮನ ನಂಬರ್ ಬರೆದುಕೊಂಡು ಬಂದಳು.

ಮನೆಗೆ ಬಂದವಳೇ ಅಟ್ಟದಿಂದ ಆಲ್ಬಮ್ ಇಳಿಸಿದಳು. ಮದುವೆ, ನಾಮಕರಣ, ದಸರಾ ವಸ್ತುಪ್ರದರ್ಶನದ ಗೇಟಿನ ಮುಂದೆ ಎಲ್ಲರೂ ಸಾಲಾಗಿ, ಬೆಟ್ಟದ ಮೇಲೆ ಎಲ್ಲರೂ ಸಾಲಾಗಿ. ಅಮ್ಮ ಪ್ರತಿ ಫೋಟೋದಲ್ಲೂ ರೇಷ್ಮೆ ಸೀರೆಯುಟ್ಟು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಯಾರೋ ಬೈದ ಹಾಗೆ ನೆಟ್ಟಗೆ ನಿಂತಿದ್ದಳು. ಹಿತ್ತಿಲಿನದು ಒಂದೂ ಇಲ್ಲ. ಅಡುಗೆಮನೆಯದು ಒಂದೂ ಇಲ್ಲ. ಎಂಬತ್ತೊಂದರಲ್ಲಿ ಅಮರೇಶ ಕ್ಯಾಮೆರಾ ಕೊಂಡಾಗ, ಅಮ್ಮ ರೊಟ್ಟಿ ತಟ್ಟುವಾಗ ಅವನು ಅದನ್ನು ಹಿಡಿದು ನಿಂತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಇರುವುದೇ ಮೂವತ್ತಾರು ಫೋಟೋ, ಅಡುಗೆಮನೆಗೆಲ್ಲ ಯಾಕೆ ರೀಲು ವೇಸ್ಟು ಮಾಡುತ್ತೀಯ ಎಂದು ತಡೆದಿದ್ದವಳು ತಾನೇ ಎಂಬುದೂ ನೆನಪಿತ್ತು.

ತುಮಕೂರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು.

"ಗೋಡೆ ಮೇಲಿನ ಲೋಟಾನಾ?" ಅಮರೇಶ ಸ್ವಲ್ಪ ಯೋಚಿಸಿದ. "ಕಕ್ಕಸು ತೊಳೆಯೋಕೆ ಬರ್ತಿದ್ಳಲ್ಲ ಒಬ್ಬಳು, ಅವಳಿಗಿರ್ಬೇಕು. ಒಳಗೆ ಬಿಟ್ಕೊಳ್ತಿರ್ಲಿಲ್ವಲ್ಲ."

"ಅಮ್ಮ ಹಾಗೆಲ್ಲ ಮಾಡ್ತಿರ್ಲಿಲ್ಲ ಅಣ್ಣ."

"ಎಲ್ಲರ ಮನೇಲೂ ಹಾಗೇ ಇತ್ತು ಪ್ರೇಮಾ. ನಮ್ಮನೆ ಏನು ಬೇರೆನಾ?"

ಅವಳಿಗೆ ಅದು ಇಷ್ಟವಾಗಲಿಲ್ಲ. ಆದರೆ ಅಲ್ಲವೆಂದು ಹೇಳಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅಪ್ಪ ಹೋಗಿ ಇಪ್ಪತ್ತು ವರ್ಷ, ಅಮ್ಮ ಹೋಗಿ ಹನ್ನೆರಡು. ಆ ಮನೆಯ ಹಗಲನ್ನು ಕಂಡವರು ಇನ್ಯಾರು ಉಳಿದಿದ್ದಾರೆ? ಮಕ್ಕಳು ಸ್ಕೂಲಿಗೆ, ಅಪ್ಪ ವರ್ಕ್‌ಶಾಪಿಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಆ ಮನೆಯಲ್ಲಿ ಇರುತ್ತಿದ್ದವರು ಇಬ್ಬರೇ. ಅಮ್ಮ ಮತ್ತು ಬಟ್ಟೆ ಒಗೆಯಲು ಬರುತ್ತಿದ್ದ ಸೋಮಮ್ಮ.

ಸೋಮಮ್ಮ ಅಮ್ಮನ ತಿಥಿಗೆ ಬಂದಿದ್ದಳು. ಹಿನಕಲ್‌ನಲ್ಲಿ ದೇವಸ್ಥಾನದ ಹಿಂದಿನ ಬೀದಿ, ಮಗಳು ನಾಗಮಣಿಯ ಮನೆ ಎಂದು ಹೇಳಿ ಹೋಗಿದ್ದಳು. ಪ್ರೇಮಲೀಲಾ ಅಷ್ಟನ್ನೇ ಹಿಡಿದುಕೊಂಡು ಮಾರನೆಯ ದಿನ ಹೊರಟಳು. ರಿಂಗ್ ರೋಡಿನ ಗದ್ದಲ ದಾಟಿ ಒಳಗೆ ತಿರುಗಿದರೆ ಹಿನಕಲ್‌ನ ಹಳೆಯ ಬೀದಿಗಳು ಇನ್ನೂ ಹಳ್ಳಿಯಂತೆಯೇ ಇದ್ದವು. ಎರಡು ಅಂಗಡಿಯಲ್ಲಿ ವಿಚಾರಿಸಿದ್ದಕ್ಕೆ ಮನೆ ಸಿಕ್ಕಿತು. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಗಿರಿಜಮ್ಮಾವ್ರ ಮಗಳಲ್ವಾ? ಪ್ರೇಮವ್ವ! ಬಾ, ಬಾ, ಇಲ್ಲೇ ಕೂತ್ಕೊ. ಎಂಗಿದ್ದೀಯ? ಏನು ಇಷ್ಟು ಬೆಳ್ಳಗಾಗೋಗಿದೆ ತಲೆ?"

ಎಪ್ಪತ್ತೆಂಟಾದರೂ ಸೋಮಮ್ಮನ ಮಾತು ಚುರುಕಾಗಿತ್ತು. ಕುಶಲವೆಲ್ಲ ಮುಗಿದ ಮೇಲೆ ಪ್ರೇಮಲೀಲಾ ಬಂದ ಕಾರಣ ಹೇಳಿದಳು. ಸೋಮಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನಕ್ಕಳು.

"ಅದಾ! ಅದು ಇಂದ್ಗಡೆ ಮನೆ ಸೊಸೆಗೆ ಕಣವ್ವ. ಚಾಮುಂಡಿ ಅಂತ. ಆ ಯಮ್ಮನೂ ಅಮ್ಮಾವ್ರೂ ಗೋಡೆ ಮೇಲೆ ಚೌಕಾಬಾರ ಆಡೋರು."

"ಅಮ್ಮನಾ? ಚೌಕಾಬಾರನಾ?"

"ದಿನಾಲೂ. ಒಂದೊಂದ್ಸಲ ಒಂದಾಟ ಒಂದು ವಾರ ನಡೆಯೋದು. ಆ ಯಮ್ಮನ ಅತ್ತೆ ಬಲು ಜೋರು. ನಿಮ್ಮಪ್ಪಾರಿಗೂ ಆಟ ಅಂದ್ರೆ ಆಗ್ತಿರ್ಲಿಲ್ಲ. ನಾನು ಕಾವಲು. ಅತ್ತೆ ಇತ್ತಲಾಗೆ ಬರೋದು ಕಂಡ್ರೆ ಬಟ್ಟೆನ ಎರಡೇಟು ಜೋರಾಗಿ ಬಡೀತಿದ್ದೆ. ಇಬ್ರೂ ಕವಡೆ ಸೆರಗಿಗೆ ಕಟ್ಕೊಂಡು, ಏನೂ ಅರೀದೋರಂಗೆ ಒಳೀಕ್ಕೆ ಹೋಗ್ಬುಡೋರು."

ಪ್ರೇಮಲೀಲಾಗೆ ಎದೆಯ ಮೇಲಿನ ಭಾರವೊಂದು ಇಳಿದಂತಾಯಿತು. ಅಣ್ಣ ಹೇಳಿದ್ದು ತಪ್ಪಾಯಿತಲ್ಲ! ಆ ಸಮಾಧಾನದಲ್ಲೇ ಹೇಳಿದಳು: "ನಮ್ಮಣ್ಣ ಏನಂದ ಗೊತ್ತಾ? ಒಳಗೆ ಬಿಟ್ಕೊಳ್ದೆ ಇರೋರಿಗೆ ಅಮ್ಮ ಆ ಲೋಟ ಇಡ್ತಿದ್ಳು ಅಂತ."

"ಅದಲ್ಲ. ಅದು ನಿಮ್ಮನೆ ಸ್ಟೀಲ್ ಲೋಟ." ಸೋಮಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. "ನನ್ ಲೋಟ ಬೇರೆ ಇತ್ತಲ್ಲ, ಅಲ್ಯೂಮಿನಿಯಂದು. ಬಚ್ಚಲುಮನೆ ಗೂಡಲ್ಲಿ ಇಡ್ತಿದ್ದೆ. ನಿಂಗೆ ಗ್ಯಾಪಕ ಇಲ್ವಾ? ರಜಾ ದಿನ ನೀನೇ ಬಂದು ಕಾಫಿ ಬಗ್ಗಿಸ್ತಿದ್ಯಲ್ಲ, ಮೇಲಿಂದ. ತಾಕ್ಬಾರ್ದು ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಮಳೆ ಬರುತ್ತಿತ್ತು, ಬಿಸಿಲಿತ್ತು ಎನ್ನುವ ಹಾಗೆ ಹೇಳಿದಳು. ಪ್ರೇಮಲೀಲಾ ಬಚ್ಚಲುಮನೆಯ ಗೂಡನ್ನು ನೆನೆಯಲು ಪ್ರಯತ್ನಿಸಿದಳು. ಬರಲಿಲ್ಲ. ಆಮೇಲೆ ಬಂತು, ಬೇರೆ ದಾರಿಯಿಂದ: ಎತ್ತರದಿಂದ ಸುರಿದಾಗ ಅಲ್ಯೂಮಿನಿಯಂ ಲೋಟದೊಳಗೆ ಕಾಫಿ ಏಳಿಸುವ ನೊರೆ. ಆ ನೊರೆ ನೋಡಲು ಚೆಂದವೆಂದು ತಾನು ಇನ್ನೂ ಎತ್ತರದಿಂದ ಸುರಿಯುತ್ತಿದ್ದುದು.

"ನೀವು ಆಡ್ತಿರ್ಲಿಲ್ವಾ ಅವರ ಜೊತೆ?" ಎಂದು ಕೇಳಿದಳು. ಅವಳಿಗೇ ಗೊತ್ತಿಲ್ಲದೆ 'ನೀವು' ಬಂದಿತ್ತು.

"ನನ್ನ ಯಾರು ಕರೀತಾರವ್ವ ಆಟಕ್ಕೆ? ಒಗೆಯೋ ಕಲ್ ತಾವ ನಿಂತ್ಕಂಡು ನೋಡ್ತಿದ್ದೆ. ಅಮ್ಮಾವ್ರಿಗೆ ನಡೆಸೋಕೆ ಬರ್ತಿರ್ಲಿಲ್ಲ. ಆ ಕಾಯಿ ಬುಡಿ, ಈ ಕಾಯಿ ನಡೆಸಿ ಅಂತ ನಾನು ಹೇಳ್ಕೊಡ್ತಿದ್ದೆ. ಕೇಳೋರು, ಪಾಪ. ಕೇಳಿದ್ ದಿನ ಗೆಲ್ಲೋರು."

ಸೋಮಮ್ಮನೇ ಮಗಳ ಫೋನಿನಿಂದ ನಂಬರ್ ತೆಗೆಸಿಕೊಟ್ಟಳು. ಚಾಮುಂಡಮ್ಮನ ಮಗ ಕುಮಾರನ ಮದುವೆಗೆ ಇವರನ್ನೂ ಕರೆದಿದ್ದರಂತೆ. ಅವರು ಗೋಕುಲಂ ಬಿಟ್ಟು ವಿದ್ಯಾರಣ್ಯಪುರಂ ಸೇರಿ ಎಷ್ಟೋ ವರ್ಷವಾಗಿತ್ತು.

ಆಟೋದಲ್ಲಿ ಹಿಂದಿರುಗುವಾಗ ಪ್ರೇಮಲೀಲಾಗೆ ಒಂದು ಪ್ರಶ್ನೆ ಬಿಡದೆ ಕಾಡಿತು. ಆಗ ತಾನು ದಿನಚರಿ ಬರೆದಿಟ್ಟಿದ್ದರೂ ಅದರಲ್ಲಿ ಅಲ್ಯೂಮಿನಿಯಂ ಲೋಟದ ಮಾತು ಇರುತ್ತಿತ್ತೇ? ಅಮ್ಮನ ಸಾರು, ಅಪ್ಪನ ಸೈಕಲ್ಲು, ರೇಡಿಯೋ, ಎಲ್ಲ ಬರೆಯುತ್ತಿದ್ದಳು. ಲೋಟದ ವಿಷಯ ಬರೆಯಲು ಅದು ಕಣ್ಣಿಗೆ ಬೀಳಬೇಕಿತ್ತಲ್ಲ. ಮಕ್ಕಳಿಗೆ ಅವಳು ಹೇಳಿಕೊಟ್ಟದ್ದು ಕಂಡದ್ದನ್ನು ಬರೆಯಿರಿ ಎಂದು. ಕಾಣದೆ ಹೋದದ್ದರ ವಿಷಯದಲ್ಲಿ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಮನೆ ತಲುಪಿದ ಮೇಲೆ ಒಂದು ಹೊಸ ನೋಟ್‌ಬುಕ್ ತೆಗೆದು, ಮೊದಲ ಪುಟದಲ್ಲಿ ಲೋಟದ ವಿಷಯವನ್ನೇ ಬರೆದಳು. ಯಾರು ಬಗ್ಗಿಸುತ್ತಿದ್ದರು ಎಂಬುದನ್ನೂ.

ಮೂರನೆಯ ದಿನ ವಿದ್ಯಾರಣ್ಯಪುರಂಗೆ ಹೋದಳು. ಫೋನಿನಲ್ಲಿ ಹೆಸರು ಹೇಳಿದ್ದೇ ತಡ, ಚಾಮುಂಡಮ್ಮ ಬಾಗಿಲಲ್ಲೇ ಕಾದು ನಿಂತಿದ್ದರು. ಅರವತ್ತೇಳರ ಗಟ್ಟಿ ಹೆಂಗಸು. ಗಂಡ ಚೆಲುವರಾಜು ತೀರಿಕೊಂಡು ಐದು ವರ್ಷವಾಗಿತ್ತು. ಮಗ ಕೆಲಸಕ್ಕೆ ಹೋಗಿದ್ದ. ಸೊಸೆ ಶಾಲಿನಿ ನಿಂಬೆಹಣ್ಣಿನ ಪಾನಕ ತಂದುಕೊಟ್ಟು ತಾನೂ ಕೇಳಲು ಕೂತಳು.

"ನಿಮ್ಮ ಅಮ್ಮನ್ನ ನಾನು ಅಕ್ಕ ಅಂತಿದ್ದೆ ಕಣಮ್ಮ," ಎಂದು ಚಾಮುಂಡಮ್ಮ ಶುರುಮಾಡಿದರು. "ಮದ್ವೆಯಾಗಿ ಬಂದಾಗ ನಂಗೆ ಹದಿನೆಂಟು. ನಮ್ಮೂರು ಟಿ. ನರಸೀಪುರದ ಕಡೆ. ಅದೇ ವರ್ಷ ಬಸುರಾದೆ. ಒಂದು ತುತ್ತು ಒಳಗೆ ಹೋಗ್ತಿರ್ಲಿಲ್ಲ. ಏನು ತಿಂದ್ರೂ ವಾಂತಿ. ದಿನಾ ಹನ್ನೊಂದು ಗಂಟೆಗೆ ಗೋಡೆ ಆಚೆಯಿಂದ ಕಾಫಿ ವಾಸನೆ ಬರೋದು. ಅದೊಂದು ಬೇಕು ಅನ್ಸೋದು. ನಮ್ಮತ್ತೆ ಕಾಫಿ ಉಷ್ಣ, ಬಸುರಿಗೆ ಆಗಲ್ಲ ಅಂತ ಮುಟ್ಟಿಸ್ತಿರ್ಲಿಲ್ಲ. ಒಂದಿನ ತಡೀಲಾರ್ದೆ, ಗೋಡೆ ಹತ್ರ ಹೋಗಿ, ಅಕ್ಕಾ ಒಂದು ಗುಟುಕು ಕೊಡ್ತೀರಾ ಅಂದ್ಬುಟ್ಟೆ. ನೋಡಿ, ಹೆಸರೂ ಗೊತ್ತಿಲ್ಲ, ಕುಲವೂ ಗೊತ್ತಿಲ್ಲ."

"ಅಮ್ಮ ಏನಂದ್ರು?"

"ಏನೂ ಅನ್ಲಿಲ್ಲ. ಕೈಲಿದ್ದ ಲೋಟಾನೇ ಗೋಡೆ ಮೇಲಿಟ್ರು. ಅವತ್ತಿಂದ ಹನ್ನೊಂದು ವರ್ಷ. ನಾನು ಲೋಟದಲ್ಲಿ ಒಂದು ಹಿಡಿ ಕರಿಬೇವು ಹಾಕಿ ವಾಪಸ್ ಕೊಡ್ತಿದ್ದೆ. ನಮ್ಮ ಹಿತ್ತಿಲಲ್ಲಿ ಗಿಡ ಇತ್ತಲ್ಲ."

ಪ್ರೇಮಲೀಲಾ ಬರೆದುಕೊಳ್ಳುತ್ತಲೇ ಇದ್ದಳು. ಆಟ ಶುರುವಾದದ್ದು ಹೇಗೆ? ಚಾಕ್‌ಪೀಸಿನಲ್ಲಿ. ಮಳೆಗೆ ಅಳಿಸಿಹೋಗುತ್ತದೆಂದು ಚಾಮುಂಡಮ್ಮ ಗಂಡನ ಉಳಿ ಕದ್ದು, ನಾಲ್ಕು ಮಧ್ಯಾಹ್ನ ಕೂತು ಕೆತ್ತಿದ್ದರು. ಕಾಯಿ ಯಾವುದು? ಇವರಿಗೆ ಹುಣಿಸೆಬೀಜ, ಅಮ್ಮನಿಗೆ ಒಡೆದ ಹಸಿರು ಬಳೆಯ ಚೂರು. ಆಟ ಅರ್ಧಕ್ಕೆ ನಿಂತಾಗ ಕಾಯಿ ಎಲ್ಲೆಲ್ಲಿತ್ತು ಎಂದು ಹೇಗೆ ಗೊತ್ತಾಗುತ್ತಿತ್ತು? ಇಬ್ಬರಿಗೂ ಬಾಯಿಪಾಠ. ಜಗಳವಾದರೆ ಸೋಮಮ್ಮ ಹೇಳಿದ್ದೇ ತೀರ್ಪು.

"ಜಗಳ ಆಡ್ತಿದ್ರಾ?"

"ಆಡ್ದೆ? ನಿಮ್ಮಮ್ಮ ಮೋಸ ಮಾಡೋರು ಕಣಮ್ಮ!" ಚಾಮುಂಡಮ್ಮ ತೊಡೆ ತಟ್ಟಿ ನಕ್ಕರು. "ಕವಡೆ ಬಿದ್ಮೇಲೆ ಕಿರುಬೆರಳಲ್ಲಿ ಒಂದನ್ನ ಹಿಂಗೆ ತಿರುಗಿಸ್ಬಿಡೋರು. ಗಾಳಿಗೆ ಮಗುಚ್ಕೊಂತು ಅನ್ನೋರು. ಕವಡೆ ಎಲ್ಲಾದ್ರೂ ಗಾಳಿಗೆ ಮಗುಚುತ್ತಾ? ಒಂದು ಸಲ ನನ್ನ ಕಾಯಿ ನಡುಮನೆ ಸೇರಿ ಹಣ್ಣಾಗೋಕೆ ಒಂದೇ ಮನೆ ಇತ್ತು, ಹಂಗೆ ಮಾಡಿ ಹೊಡೆದು ಹಾಕಿದ್ರು. ಒಂಬತ್ತು ದಿನ ನಾನು ಮಾತಾಡ್ಲಿಲ್ಲ."

"ಆಮೇಲೆ?"

"ಒಂಬತ್ತು ದಿನಾನೂ ಕಾಫಿ ಮಾತ್ರ ಬಂತು. ಅವರು ಮುಖ ಆ ಕಡೆ ತಿರುಗಿಸಿ ಇಡೋರು. ನಾನು ಮುಖ ಈ ಕಡೆ ತಿರುಗಿಸಿ ಕುಡಿಯೋದು. ಕರಿಬೇವು ನಾನೂ ನಿಲ್ಲಿಸ್ಲಿಲ್ಲ. ಹತ್ತನೇ ದಿನ ಇಬ್ರಿಗೂ ನಗು ಬಂದ್ಬುಡ್ತು."

ಅಮ್ಮ ಮೋಸ ಮಾಡುತ್ತಿದ್ದಳು. ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ನೋಡಿ ಬರೆದೆ ಎಂದು ಮಗಳು ಒಪ್ಪಿಕೊಂಡದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದ ಅಮ್ಮ! ಪ್ರೇಮಲೀಲಾಗೆ ಹೊಟ್ಟೆ ತುಂಬ ನಗಬೇಕೆನಿಸಿತು, ನಕ್ಕಳು ಕೂಡ. ಆ ನಗುವಿನ ನಡುವೆಯೇ ಸಣ್ಣ ಅಸೂಯೆಯೂ ಆಯಿತು. ಇವರು ಕಂಡ ಗಿರಿಜಾಂಬಾ ಎಷ್ಟು ಚೆನ್ನಾಗಿದ್ದಳು. ಅವಳ ಜೊತೆ ತಾನೂ ಒಂದು ಆಟ ಆಡಬಹುದಿತ್ತು.

"ನಾವು ಮನೆ ಬಿಟ್ಟ ಮೇಲೆ ಅಮ್ಮ ನಿಮ್ಮನ್ನ ನೋಡೋಕೆ ಬರ್ಲಿಲ್ವಾ?"

ಚಾಮುಂಡಮ್ಮ ಪಾನಕದ ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಎರಡು ಸಲ ಬಂದಿದ್ರು. ಅಷ್ಟೊತ್ತಿಗೆ ನಮ್ಮತ್ತೆ ಹೋಗಿದ್ರು, ಯಾರ ಭಯಾನೂ ಇರ್ಲಿಲ್ಲ. ಹಾಲಲ್ಲಿ ಕುರ್ಚಿ ಹಾಕಿ ಕೂರ್ಸಿದೆ. ಅರಿಶಿನ ಕುಂಕುಮ ಕೊಟ್ಟೆ. ಆದ್ರೆ ಏನು ಗೊತ್ತಾ, ಎದುರುಬದುರು ಕೂತ್ರೆ ಇಬ್ರಿಗೂ ಮಾತೇ ಹೊರಡ್ಲಿಲ್ಲ. ಮಕ್ಕಳು ಹೆಂಗಿದ್ದಾರೆ, ಚೆನ್ನಾಗಿದ್ದಾರೆ, ಅಷ್ಟೇ. ನಡುವೆ ಗೋಡೆ ಇರ್ಬೇಕಿತ್ತು ಅನ್ಸುತ್ತೆ."

ಶಾಲಿನಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಇದನ್ನೆಲ್ಲ ಅವಳೂ ಮೊದಲ ಸಲ ಕೇಳುತ್ತಿದ್ದಳೆಂದು ಕಾಣುತ್ತದೆ.

ಪ್ರೇಮಲೀಲಾ ಮೊಬೈಲಿನಲ್ಲಿ ಅಮ್ಮನ ಫೋಟೋ ತೆಗೆದು ತೋರಿಸಿದಳು. ರೇಷ್ಮೆ ಸೀರೆಯದು, ಇದ್ದುದರಲ್ಲಿ ಚೆನ್ನಾಗಿ ಬಂದಿದ್ದದ್ದು. ಚಾಮುಂಡಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ವಾಪಸು ಕೊಟ್ಟರು.

"ಮುಖ ಅಕ್ಕಂದೇ. ಆದ್ರೆ ಇದು ಅಕ್ಕ ಅಲ್ಲ ಬಿಡಿ. ಅಕ್ಕ ಹಿಂಗೆ ನೆಟ್ಟಗೆ ನಿಂತಿದ್ದೇ ನಾನು ನೋಡಿಲ್ಲ."

"ಮತ್ತೆ ಹೇಗೆ ನಿಲ್ತಿದ್ರು?"

"ಹೇಗೆ ಅಂದ್ರೆ..." ಚಾಮುಂಡಮ್ಮ ಸುತ್ತ ನೋಡಿದರು. ಆಮೇಲೆ ಎದ್ದು, ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದ ಕಟ್ಟೆಯ ಮುಂದೆ ನಿಂತರು. ಎಡಮೊಣಕೈಯನ್ನು ಕಟ್ಟೆಯ ಮೇಲೂರಿ, ಅಂಗೈಗೆ ಗಲ್ಲ ಆನಿಸಿದರು. ಒಂದು ಪಾದವನ್ನು ಇನ್ನೊಂದರ ಮೇಲೆ ಇಟ್ಟುಕೊಂಡರು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯ ಮುಷ್ಟಿಯೊಳಗೆ ಇಲ್ಲದ ಕವಡೆಗಳನ್ನು ಕುಲುಕುತ್ತ, ಎದುರಿನವರನ್ನು ಹುಬ್ಬಿನ ಕೆಳಗಿಂದ ಕಿಲಾಡಿಯಾಗಿ ನೋಡಿದರು.

ಆ ನೋಟ ಪ್ರೇಮಲೀಲಾಗೆ ಗೊತ್ತಿತ್ತು. ಎಲ್ಲಿ ಕಂಡಿದ್ದಳು, ಯಾವಾಗ ಕಂಡಿದ್ದಳು, ಹೇಳಲು ಬಾರದು. ಆದರೆ ಒಂದು ಪಾದ ಇನ್ನೊಂದರ ಮೇಲೇರಿದ ಆ ನಿಲುವನ್ನು ಅವಳು ಸಾವಿರ ಸಲ ಕಂಡಿದ್ದಳು. ಸಾವಿರ ಸಲ ಕಂಡದ್ದಕ್ಕೇ ನೋಡಿರಲಿಲ್ಲ.

"ಅಕ್ಕಾ, ಹಾಗೇ ಇರಿ. ಅಲ್ಲಾಡಬೇಡಿ," ಎಂದು ಮೊಬೈಲ್ ಎತ್ತಿದಳು.

"ಅಯ್ಯೋ, ಮನೆ ಸೀರೇಲಿದ್ದೀನಿ ಕಣಮ್ಮ! ತಲೆ ಬೇರೆ ಬಾಚಿಲ್ಲ. ಪಾತ್ರೆ ಎಲ್ಲ ಹಂಗೇ ಬಿದ್ದಿದೆ!"

"ಬಿದ್ದಿರ್ಲಿ. ಪಾತ್ರೆನೂ ಬೇಕು."

ಶಾಲಿನಿ ಪಾತ್ರೆಗಳನ್ನು ಸರಿಸಲು ಹೋದವಳು, ಆ ಮಾತು ಕೇಳಿ ಕೈ ಹಿಂದೆ ತೆಗೆದಳು. ಪ್ರೇಮಲೀಲಾ ಏಳೆಂಟು ಫೋಟೋ ತೆಗೆದಳು. ಪಾದದ್ದೊಂದು, ಮೊಣಕೈಯದೊಂದು, ಹಿಂದಿನಿಂದ ಒಂದು. ರೀಲಿನ ಲೆಕ್ಕ ಇಡುವ ಕಾಲ ಮುಗಿದಿತ್ತಲ್ಲ.

ಆ ಸಂಜೆ ಗೌತಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಬಹಳ ಖುಷಿಪಟ್ಟ. ಹೂವಿಡುವವರಿಗೆ ನಿಜ ಹೇಳಬೇಕೋ ಬೇಡವೋ ಎಂದು ಕೇಳಿದ. ಹೇಳಪ್ಪ, ಆಡೋಕೂ ಕಲಿಸು ಎಂದಳು. ತನಗೆ ಬರುವುದಿಲ್ಲ, ನೀವೇ ಒಂದು ದಿನ ಬನ್ನಿ ಎಂದ. ಅಣ್ಣನಿಗೆ ಫೋಟೋ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನಿಂದ ಉತ್ತರ ಬಂತು: "ಯಾರಿದು? ನಿಂತಿರೋದು ಅಮ್ಮನ ಹಾಗೇ ಇದೆಯಲ್ಲ!"

ವಾರ ಕಳೆದ ಮೇಲೆ ಪ್ರೇಮಲೀಲಾ ಮತ್ತೆ ಹಿನಕಲ್‌ಗೆ ಹೋದಳು. ಸೋಮಮ್ಮ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಚಾಮುಂಡಮ್ಮ ಸಿಕ್ಕಿದ್ದು, ಮೋಸದಾಟದ ಕತೆ, ಎಲ್ಲವನ್ನೂ ಕೇಳಿ ನಕ್ಕಳು. ನಾಗಮಣಿ ಒಳಗಿನಿಂದ ಇಬ್ಬರಿಗೂ ಟೀ ತಂದಿಟ್ಟಳು. ಪ್ರೇಮಲೀಲಾ ತನ್ನ ಲೋಟ ಕೈಗೆತ್ತಿಕೊಂಡು ಹೇಳಿದಳು.

"ಸೋಮಮ್ಮ, ಆ ಲೋಟದ ವಿಷಯ ನಂಗೆ ಮರ್ತೇ ಹೋಗಿತ್ತು. ಮರೀಬಾರ್ದಿತ್ತು."

ಸೋಮಮ್ಮ ಅವಳನ್ನೇ ಒಂದು ಗಳಿಗೆ ನೋಡಿದಳು. "ನೀನಾಗ ಇನ್ನೂ ಸಣ್ಣ ಮಗಾ," ಎಂದಳು. ಸ್ವಲ್ಪ ತಡೆದು, "ನಾನಂತೂ ಮರ್ತಿರ್ಲಿಲ್ಲ," ಎಂದೂ ಸೇರಿಸಿದಳು.

ಇಬ್ಬರೂ ಟೀ ಕುಡಿದರು. ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತ ಹೋದ. ಪ್ರೇಮಲೀಲಾ ಚೀಲದಿಂದ ನೋಟ್‌ಬುಕ್ ತೆಗೆದು ಹೊಸ ಪುಟ ತಿರುವಿದಳು.

"ಇವತ್ತು ನಮ್ಮನೆ ವಿಷಯ ಬೇಡ. ನಿಮ್ಮನೆ ಹೇಳಿ. ಆಗ ನೀವೆಲ್ಲಿದ್ರಿ?"

"ನಮ್ಮನೆನಾ?" ಸೋಮಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. "ಅದೇನ್ ಬರ್ಕೋತೀಯವ್ವ? ಗುಡ್ಲು ಅದು. ಕೆರೆ ಏರಿ ಕೆಳಗಿತ್ತು. ಈಗ ರೋಡಾಗೋಗಿದೆ."

"ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಿದ್ರಿ?"

"ಕೋಳಿ ಕೂಗೋಕ್ ಮುಂಚೆ. ಗಡಿಯಾರ ಎಲ್ಲಿತ್ತು? ಮಿಲ್ಲಿನ ಸೈರನ್ ಕೇಳಿದ್ರೆ ಮುದ್ದೆಗೆ ರಾಗಿ ಇಟ್ಟು ಕೂಡಿಸೋಕೆ ಇಟ್ಬುಡ್ತಿದ್ದೆ. ಈ ನಾಗಮಣಿನ ಸೊಂಟಕ್ಕೆ ಕಟ್ಕಂಡು, ಗದ್ದೆ ಬದ ಹಿಡಿದು ನಡೆದು ಬರ್ತಿದ್ದೆ ಗೋಕುಲಕ್ಕೆ. ಮಳೆಗಾಲದಲ್ಲಿ ಮೊಣಕಾಲ್ಗಂಟ ಕೆಸರು."

"ಒಲೆ ಎಲ್ಲಿತ್ತು?"

"ಒಲೆನಾ? ಬಾಗಿಲ ಬಲಗಡೆ," ಎಂದಳು ಸೋಮಮ್ಮ ತಕ್ಷಣ. ಯೋಚಿಸಲೂ ಇಲ್ಲ. ಕೈಯನ್ನು ಗಾಳಿಯಲ್ಲಿ ಚಾಚಿ ತೋರಿಸತೊಡಗಿದಳು. "ಇಲ್ಲಿ ಬಾಗ್ಲು. ಇಲ್ಲಿ ಒಲೆ, ಮೂರು ಗುಂಡು. ಇತ್ತಲಾಗೆ ರಾಗಿ ಬೀಸೋ ಕಲ್ಲು. ನಮ್ಮತ್ತೆ ಮಲಗ್ತಿದ್ದುದು ಇಲ್ಲಿ. ಸೋರೋದು ಬಂದು ಅಕೋ, ಅಲ್ಲಿ, ಆ ಮೂಲೇಲಿ..."

"ನಿಧಾನ, ನಿಧಾನ," ಎಂದಳು ಪ್ರೇಮಲೀಲಾ. ಪುಟದ ಮೇಲೆ ದೊಡ್ಡದಾಗಿ ಒಂದು ಚೌಕ ಬರೆದು, ಒಂದು ಬದಿಯಲ್ಲಿ ಬಾಗಿಲಿಗೆಂದು ಜಾಗ ಬಿಟ್ಟು, ಪೆನ್ನು ಹಿಡಿದು ತಲೆ ಎತ್ತಿದಳು. "ಬಾಗಿಲು ಯಾವ ದಿಕ್ಕಿಗಿತ್ತು?"